ನಲವತ್ತೊಂದನೆಯವಳು

"ಹನ್ನೆರಡನೇದಾಕಿ ಬುಟ್ಟಿ ಮುಂದಿಟ್ಕೊಂಡು ಕುಂತಾಳ್ರಿ ಅಜ್ಜಾರ," ಎಂದಳು ಸುಮೇಧಾ. "ತಲಿಗೆ ಬಟ್ಟಿ ಕಟ್ಯಾಳ. ಬುಟ್ಯಾಗ ಮೀನ ಅದಾವೋ ಏನೋ."

"ಮೀನೇ. ಅವಳು ಅಪ್ಪಿ," ಎಂದರು ದೇವದಾಸರು.

ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಜಯಲತಾಳ ಕೈ ಅಲ್ಲಿಗೇ ನಿಂತಿತು. ಅಪ್ಪಿ ಎಂದರೆ ಅವಳ ತಾಯಿ, ದೇವದಾಸರ ಹೆಂಡತಿ. ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಪಪ್ಪನ ಬಾಯಿಂದ ಆ ಹೆಸರು ಬಂದದ್ದು ಆಸ್ಪತ್ರೆಯ ಕಾಗದ, ಬ್ಯಾಂಕಿನ ಕಾಗದ ತುಂಬುವಾಗ ಮಾತ್ರ. ಈಗ ನಾಲ್ಕು ತಿಂಗಳ ಹಿಂದೆ, ಮುದುಕರ ಆರೈಕೆಗೆ ಜನ ಕಳಿಸುವ ಬ್ಯೂರೋದಿಂದ ಬಂದ ಹುಡುಗಿಯೊಬ್ಬಳ ಎದುರು ಮೀನಿನ ಬುಟ್ಟಿಯ ಸಮೇತ ಸಲೀಸಾಗಿ ಹೊರಬಂದಿತ್ತು.

ಮುಂಬೈ ಬಳಿಯ ಡೊಂಬಿವಲಿ ಪೂರ್ವದ ಎರಡನೇ ಮಾಳಿಗೆಯ ಆ ಮನೆಯಲ್ಲಿ ಈಗ ದಿನಾ ಸಂಜೆ ಐದಕ್ಕೆ ಇದೇ ನಡೆಯುತ್ತಿತ್ತು. ಸುಮೇಧಾ ಗೋಡೆಯ ಚಿತ್ರವನ್ನು ಇಳಿಸಿ, ಒರೆಸಿ, ದೇವದಾಸರ ಕುರ್ಚಿಯ ಎದುರು ಸ್ಟೂಲಿನ ಮೇಲೆ ಆನಿಸಿ ಇಡುವಳು. ಎಂಬತ್ತಾರು ವರ್ಷದ ಅವರು ಬಲಗೈಯ ತೋರುಬೆರಳನ್ನು ಗಾಜಿನ ಎಡತುದಿಯಲ್ಲಿ ಊರುವರು. ಅವರಿಗೆ ಕಣ್ಣು ಹೋಗಿ ಒಂದೂವರೆ ವರ್ಷವಾಗಿತ್ತು. ಬೆಳಕು ಬಂತು, ನೆರಳು ಹೋಯಿತು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಸುಮೇಧಾ ಒಬ್ಬೊಬ್ಬರನ್ನಾಗಿ ಹೇಳುತ್ತ ಹೋದರೆ ಬೆರಳು ಅವರಿಂದ ಇವರಿಗೆ, ಇವರಿಂದ ಅವರಿಗೆ ಸರಿಯುತ್ತಿತ್ತು. ನೋಡಿಯೇ ಹೇಳುವವಳಿಗಿಂತ ನೋಡದೆ ಮುಟ್ಟುವವರೇ ಒಂದು ಹೆಜ್ಜೆ ಮುಂದಿರುತ್ತಿದ್ದರು.

ಚಿತ್ರವೆಂದರೆ ಭಾರಿ ದೊಡ್ಡದೇನಲ್ಲ. ಉದ್ದಕ್ಕೆ ಒಂದೂವರೆ ಮೊಳ, ಎತ್ತರಕ್ಕೆ ಒಂದು ಮೊಳ ಇದ್ದೀತು. ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಮಸಿ ತುಂಬಿ ಕಾಗದಕ್ಕೆ ಒತ್ತಿ ತೆಗೆದದ್ದು. ಇದಕ್ಕೆ ಎಚಿಂಗ್ ಅನ್ನುತ್ತಾರೆ ಎಂದು ದೇವದಾಸರಿಗೆ ಹಿಂದೆ ಆಫೀಸಿನ ಪಾರ್ಸಿ ಮ್ಯಾನೇಜರು ಹೇಳಿದ್ದರಂತೆ. ನೂರೈವತ್ತು ವರ್ಷದ ಹಿಂದಿನ ಯಾವುದೋ ದೊಡ್ಡ ಊರಿನ ಬಂದರು. ಕೆಳಗೆ ಅಚ್ಚಾಗಿದ್ದ ಊರಿನ ಹೆಸರು ತೇವಕ್ಕೆ ಎಂದೋ ಅಳಿಸಿಹೋಗಿತ್ತು. ಎಡಕ್ಕೆ ಗೋದಾಮಿನ ಉದ್ದ ಗೋಡೆ, ಹಿಂದೆ ಇಗರ್ಜಿಯ ಗೋಪುರ, ನಡುವೆ ಕಂಬಗಳೇ ಕಾಡಾದ ಹಡಗುಗಳು, ಮುಂದೆ ಕಟ್ಟೆಯ ತುಂಬ ಪೀಪಾಯಿ, ಹಗ್ಗ, ನಾಯಿ, ಜನ. ಜನವೋ ಜನ. ಬಣ್ಣವಿಲ್ಲ, ಬರೀ ಕಪ್ಪು ಗೆರೆ.

ದೇವದಾಸರು ಮುಂಬೈ ಬಂದರಿನಲ್ಲಿ ಟ್ಯಾಲಿ ಕ್ಲಾರ್ಕ್ ಆಗಿದ್ದವರು. ಹದಿನಾರನೇ ವಯಸ್ಸಿಗೆ ಕಾಪುವಿನಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿ, ಒಂದು ಹಡಗು ಏಜೆಂಟರ ಕಂಪೆನಿಗೆ ಸೇರಿಕೊಂಡಿದ್ದರು. ಹಡಗಿನಿಂದ ಇಳಿಯುವ, ಹಡಗಿಗೆ ಏರುವ ಪ್ರತಿಯೊಂದು ಮೂಟೆಗೂ ಪೆಟ್ಟಿಗೆಗೂ ಒಂದು ಗೆರೆ. ಐದನೆಯದಕ್ಕೆ ನಾಲ್ಕರ ಮೇಲೆ ಅಡ್ಡಗೆರೆ. ಕಂಪೆನಿ ಮುಚ್ಚಿದ ದಿನ ಉಳಿದವರೆಲ್ಲ ಆಫೀಸಿನ ಫ್ಯಾನು, ಗಡಿಯಾರ, ಕುರ್ಚಿ ಹೊತ್ತುಕೊಂಡು ಹೋದರೆ ಇವರು ಈ ಚಿತ್ರವನ್ನು ಟವೆಲಿನಲ್ಲಿ ಸುತ್ತಿ ಲೋಕಲ್ ಟ್ರೈನಿನಲ್ಲಿ ತಂದಿದ್ದರು. ಪೀಪಾಯಿಗಳ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತ ಒಬ್ಬ ಮನುಷ್ಯನಿದ್ದ ಎನ್ನುವುದೇ ಕಾರಣ. "ಎಲ್ಲರ ಮನೆಗೆ ಫ್ಯಾನ್ ಬಂತು, ನಮ್ಮ ಮನೆಗೆ ಮಸಿ ಬಂತು," ಎಂದು ಅಪ್ಪಿ ವಾರಗಟ್ಟಲೆ ಗೊಣಗಿದ್ದಳು.

ಎಣಿಕೆಗೆ ಎರಡು ಜನ ಬೇಕು ಎನ್ನುವುದು ದೇವದಾಸರ ಹಟ. ಬಂದರಿನಲ್ಲಿ ಹಡಗಿನ ಕಡೆಯಿಂದ ಒಬ್ಬ, ದಂಡೆಯ ಕಡೆಯಿಂದ ಒಬ್ಬ ನಿಂತು ಎಣಿಸಬೇಕು, ದಿನದ ಕೊನೆಗೆ ಇಬ್ಬರ ಲೆಕ್ಕವೂ ಕೂಡಬೇಕು. ಒಬ್ಬನೇ ಎಣಿಸಿದ್ದು ಎಣಿಕೆಯೇ ಅಲ್ಲ. ಹಾಗಾಗಿ ಸುಮೇಧಾ ಹಡಗಿನ ಕ್ಲಾರ್ಕು, ಇವರು ದಂಡೆಯ ಕ್ಲಾರ್ಕು. ಅವಳು ಹತ್ತು ರೂಪಾಯಿಯ ನೋಟ್‌ಬುಕ್ಕೊಂದರಲ್ಲಿ ಗೆರೆ ಎಳೆಯುತ್ತಿದ್ದಳು. ಕೊನೆಗೆ ನಲವತ್ತೊಂದು ಎಂದು ಬರೆದು ತಾರೀಕು ಹಾಕಿ, ಅವರ ಕೈಗೆ ಪೆನ್ನು ಕೊಟ್ಟು ಜಾಗ ತೋರಿಸಿದರೆ, ಅವರು ಸೊಟ್ಟಗೆ ಸಹಿ ಮಾಡುತ್ತಿದ್ದರು. ಜಯಲತಾ ಒಮ್ಮೆ ಆ ನೋಟ್‌ಬುಕ್ಕನ್ನು ಕದ್ದು ನೋಡಿದ್ದಳು. ಪುಟ ಪುಟಕ್ಕೂ ಪಪ್ಪನ ಸಹಿ. ಅವಳ ಮೂವತ್ತು ವರ್ಷದ ನೌಕರಿಯಲ್ಲಿ, ಬೇಗ ನಿವೃತ್ತಿ ಪಡೆದು ಅವರನ್ನು ನೋಡಿಕೊಂಡ ಆರು ವರ್ಷದಲ್ಲಿ, ಅವಳಿಗಾಗಿ ಅವರು ಅಷ್ಟು ಸಲ ಎಲ್ಲಿಯೂ ಸಹಿ ಹಾಕಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಈ ಚಿತ್ರ ನೋಡಿ ಹೇಳುವ ನೌಕರಿ ಮೊದಲು ಅವಳಿಗೇ ಬಂದಿತ್ತು. ಕಣ್ಣು ಮಂಜಾದ ಹೊಸದರಲ್ಲಿ ಒಂದು ಸಂಜೆ ದೇವದಾಸರು, "ಜಯಾ, ಆ ಪೀಪಾಯಿಯ ಆಚೆ ಯಾರಿದ್ದಾರೆ, ಸ್ವಲ್ಪ ನೋಡು," ಎಂದಿದ್ದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು. "ಯಾರೋ ಒಬ್ಬ ಇದ್ದಾನೆ ಪಪ್ಪ," ಎಂದು ಅವಳು ಒಳಗೆ ಓಡಿದ್ದಳು. ಅವರು ಎರಡನೇ ಸಲ ಕೇಳಲಿಲ್ಲ, ಅವಳೂ ಅದನ್ನು ಮರೆತಳು. ಬೆನ್ನುಜ್ಜುವುದು, ಗಂಜಿ ಕೊಡುವುದು, ಮಲಬದ್ಧತೆಗೆ ಪುಡಿ ಕಲಸುವುದು, ರಾತ್ರಿ ಮೂರು ಸಲ ಬಾತ್‌ರೂಮಿಗೆ ನಡೆಸುವುದು ಎಲ್ಲ ಅವಳದು. ಅಪ್ಪ ಮಗಳ ನಡುವೆ ಉಳಿದಿದ್ದ ತುಳು ಇಷ್ಟೇ: "ಚಾ ಬೋಡಾ?" "ಬೋಡು." "ನೀರ್ ಬೋಡಾ?" "ಬೊಡ್ಚಿ." ಬೇಕಾ, ಬೇಕು, ಬೇಡ, ಅಲ್ಲಿಗೆ ಮುಗಿಯಿತು. ಮಾತು ಎಂಬ ಮಾತೆಲ್ಲ ಕನ್ನಡದಲ್ಲಿ, ಹೊರಗಿನಿಂದ ಬಂದವಳ ಜೊತೆ.

ಹೊರಗಿನವಳು ಬಂದದ್ದೂ ಜಯಲತಾಳ ಸೊಂಟನೋವಿನ ದೆಸೆಯಿಂದಲೇ. ಡಾಕ್ಟರು ಭಾರ ಎತ್ತಬಾರದು ಎಂದ ಮೇಲೆ ತಮ್ಮ ಮನೀಷ್ ನವಿ ಮುಂಬೈಯ ಸೀವುಡ್ಸ್‌ನಿಂದ ಫೋನಿನಲ್ಲೇ ಬ್ಯೂರೋಗೆ ಹೇಳಿ ಹಗಲಿಗೆ ಒಬ್ಬಳನ್ನು ಗೊತ್ತುಮಾಡಿದ್ದ. ಸುಮೇಧಾ ವಿಜಯಪುರದ ಕಡೆಯವಳು, ಹುಟ್ಟಿ ಬೆಳೆದದ್ದು ಎರಡು ಸ್ಟೇಷನ್ ಆಚೆಯ ದಿವಾದಲ್ಲಿ, ವಯಸ್ಸು ಇಪ್ಪತ್ತಾರು. ಬೆಳಿಗ್ಗೆ ಒಂಬತ್ತಕ್ಕೆ ದಿವಾದ ಗಾಡಿಯಲ್ಲಿ ನಜ್ಜುಗುಜ್ಜಾಗಿ ಬಂದರೂ ನಗುತ್ತ ಒಳಗೆ ಬರುವಳು. ಅವಳ ಕೆಲಸದಲ್ಲಿ ತಪ್ಪು ಹುಡುಕಲು ಜಯಲತಾ ಪಟ್ಟ ಪಾಡು ಆ ದೇವರಿಗೇ ಗೊತ್ತು. ಟವೆಲು ಒಣಗಿಸುವುದು ಹೀಗಲ್ಲ, ಮಾತ್ರೆಯ ಡಬ್ಬಿ ಇಡುವುದು ಅಲ್ಲಲ್ಲ, ಚಹಾದ ಲೋಟ ತೊಳೆದದ್ದು ಸಾಲದು. ಹುಡುಗಿ ಎಲ್ಲದಕ್ಕೂ "ಹೌದ್ರಿ ಅಕ್ಕಾರ" ಎಂದು ಮತ್ತೆ ತೊಳೆಯುತ್ತಿದ್ದಳು. ಎದುರಾಡಿದ್ದರೆ ಜಗಳವಾದರೂ ಆಗುತ್ತಿತ್ತು.

"ಅವಳನ್ನು ಬದಲಿಸುವ," ಎಂದು ಜಯಲತಾ ತಮ್ಮನಿಗೆ ಫೋನ್ ಮಾಡಿದಳು.

"ಯಾಕೆ ಅಕ್ಕ? ಎಂತ ಮಾಡಿದ್ಳು?"

"ಮಾಡಿದ್ದು ಎಂತ ಇಲ್ಲ. ಇಡೀ ದಿನ ಮಾತು. ಪಪ್ಪನಿಗೆ ರೆಸ್ಟ್ ಸಿಗುವುದಿಲ್ಲ."

"ಅರೆ, ಪಪ್ಪ ಖುಷ್ ಇದ್ದಾರಲ್ಲ. ಸಂಡೇ ಫೋನಲ್ಲಿ ನನ್ನ ಹತ್ರ ಹದಿನೈದು ಮಿನಿಟ್ ಮಾತಾಡಿದ್ರು. ಲೈಫಲ್ಲಿ ಫಸ್ಟ್ ಟೈಮ್. ನಾನು ಚಿತ್ರದಲ್ಲಿ ಹಡಗಿನ ಕಂಬ ಹತ್ತಿದ್ದೇನಂತೆ, ಇಪ್ಪತ್ತಮೂರನೇ ನಂಬರ್." ಮನೀಷ್ ನಕ್ಕ. "ರಹ್ನೇ ದೋ ನಾ ಅಕ್ಕ, ಇರ್ಲಿ ಅವಳು. ಒಳ್ಳೆ ಹುಡುಗಿ ಸಿಗುವುದು ಈಗ ಕಷ್ಟ."

ಫೋನಿಟ್ಟ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಕಂಬ ಹತ್ತಿದವನು ಮನೀಷ್. ಹತ್ತಲು ಅಡ್ಡಿಯೇನಿತ್ತು ಅವನಿಗೆ? ಅವನ ಇಂಜಿನಿಯರಿಂಗ್ ಮುಗಿಯುವ ತನಕ ಎಂದೇ ಅಕ್ಕನ ಮದುವೆಯ ಮಾತು ನಿಂತದ್ದು. ಬಹರೈನಿನಲ್ಲಿದ್ದ ಹುಡುಗನ ಕಡೆಯವರು ಆರು ತಿಂಗಳು ಕಾದು ಬೇರೆ ಕಡೆ ನೋಡಿಕೊಂಡರು. ಆಗ ಅವಳಿಗೆ ಇಪ್ಪತ್ತಾರು. ಆಮೇಲೆ ಬಂದವು ಯಾವುವೂ ಕೂಡಿಬರಲಿಲ್ಲ, ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಲೂ ಇಲ್ಲ. ಅದನ್ನೆಲ್ಲ ಅವಳು ಎಂದೋ ನುಂಗಿಕೊಂಡಿದ್ದಳು. ಆದರೆ ಚಿತ್ರದಲ್ಲಿ ತಾಯಿ ಇದ್ದಾಳೆ, ತಮ್ಮ ಇದ್ದಾನೆ, ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಜಟ್ಟೆಪ್ಪ ಕೂಡ ಏಳನೆಯವನಾಗಿ ಮೆಟ್ಟಿಲ ಮೇಲಿದ್ದಾನೆ. ಮೂವತ್ತನೆಯವರು, ಪುಸ್ತಕ ಹಿಡಿದವರು, ಸ್ವತಃ ಪಪ್ಪ. ತಾನೆಲ್ಲಿ? ಅದನ್ನು ಬಾಯಿಬಿಟ್ಟು ಕೇಳುವುದಕ್ಕೆ ಅವಳ ಮಾನ ಬಿಡಲಿಲ್ಲ. ದಿನಾ ಐದು ಗಂಟೆಗೆ ಅಡುಗೆಮನೆಯಲ್ಲಿ ಸದ್ದು ಬಾರದ ಕೆಲಸ ಹುಡುಕಿಕೊಂಡು ಕಿವಿ ನಿಮಿರಿಸಿ ನಿಲ್ಲುವಳು. ಮೂವತ್ತೊಂದು, ಮೂವತ್ತೆರಡು, ಎಲ್ಲ ಅನ್ಯರು. ಮೂವತ್ತೊಂಬತ್ತು, ಒಬ್ಬ ಕುಡುಕ. ನಲವತ್ತು, ಕುಡುಕನನ್ನು ಎಳೆಯುವ ಅವನ ಹೆಂಡತಿ.

ನಲವತ್ತೊಂದಕ್ಕೆ ಬಂದಾಗ ಮಾತ್ರ ದೇವದಾಸರ ಸ್ವರ ಇಳಿಯುತ್ತಿತ್ತು.

"ಇದ್ದಾಳಾ?"

"ಅದಾಳ್ರಿ ಅಜ್ಜಾರ. ಅಲ್ಲೇ ಅದಾಳ."

"ಹೋಗ್ಲಿಲ್ಲ ಅಲ್ವಾ?"

"ಎಲ್ಲಿ ಹೊಕ್ಕಾಳ್ರಿ. ಗಂಟು ಬಗಲಾಗಿಟ್ಕೊಂಡು ನಿಂತಾಳ ನೋಡ್ರಿ."

"ಅವಳು ಹೋಗುವವಳಲ್ಲ," ಎನ್ನುವರು ಅವರು. ಬೆರಳು ಗಾಜಿನ ಬಲತುದಿಯಲ್ಲಿ ತುಸು ಹೊತ್ತು ಮೇಲೆ ಕೆಳಗೆ ಸವರುವುದು. "ಎಷ್ಟು ಹಡಗು ಹೋದ್ರೂ ಅವಳು ಹೋಗುವವಳಲ್ಲ. ಅವಳಿಲ್ಲದಿದ್ರೆ ನಮ್ಮ ಲೆಕ್ಕ ಎಲ್ಲಿ ಕೂಡ್ಬೇಕು, ಹೇಳು."

ಅದೇ ವಾರ ಬ್ಯೂರೋದವರು ಸುಮೇಧಾಳಿಗೆ ಠಾಣೆಯಲ್ಲಿ ಹೆಚ್ಚು ಸಂಬಳದ ಮನೆ ತೋರಿಸಿದ್ದರು. ಅವಳು ಹೋಗುವುದಿಲ್ಲ ಎಂದುಬಿಟ್ಟಿದ್ದಳು. "ನಾ ಎಲ್ಲೂ ಹೋಗೂದಿಲ್ರಿ ಅಜ್ಜಾರ," ಎಂದು ಗಂಜಿ ಕುಡಿಸುವಾಗ ಹೇಳಿದ್ದನ್ನು ಜಯಲತಾ ಕಿವಿಯಾರೆ ಕೇಳಿದ್ದಳು. ಈಗ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಸುಮೇಧಾ ಹೋದ ಮೇಲೆ ದೀಪ ಹಾಕಿ, ಕನ್ನಡಕ ಏರಿಸಿ, ಆರು ವರ್ಷದಲ್ಲಿ ಮೊದಲ ಸಲ ಅವಳು ಚಿತ್ರದ ಎದುರು ನಿಂತಳು. ಬಲತುದಿಯಲ್ಲಿ, ಎಲ್ಲರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಒಬ್ಬ ಹುಡುಗಿ ಇದ್ದಳು. ನಮಗೆ ಬೆನ್ನು, ಮುಖ ಹಡಗುಗಳ ಕಡೆಗೆ. ಬಗಲಲ್ಲಿ ಬಟ್ಟೆಯ ಗಂಟು, ಬೆನ್ನ ಮೇಲೆ ಸೊಂಟ ಮುಟ್ಟುವ ಜಡೆ. ಸುಮೇಧಾಳ ಜಡೆಯೂ ಅಷ್ಟೇ ಉದ್ದವಿತ್ತು.

ನಾಲ್ಕು ತಿಂಗಳಲ್ಲಿ ಈ ಮಹಾರಾಯ್ತಿ ಚಿತ್ರದೊಳಗೂ ಬಂದು ನಿಂತಳು. ಲೆಕ್ಕ ಕೂಡುವುದೇ ಅವಳಿಂದಂತೆ. ಜಯಲತಾಳಿಗೆ ಅಳು ಬರಲಿಲ್ಲ. ಬಂದದ್ದು ಬರೀ ಸಿಟ್ಟು, ಅದರ ಹಿಂದೆ ಬೆನ್ನುಬಿಡದ ಹೊಟ್ಟೆಕಿಚ್ಚು. ಚಿತ್ರದ ಕಟ್ಟಿನ ಕೆಳಗಿನ ಮೂಲೆಯನ್ನು ಉಗುರಿನಿಂದ ಕೆರೆದಳು. ಮರದ ಪುಡಿ ಉದುರಿತು.

ಬೆಳಿಗ್ಗೆ ಸುಮೇಧಾ ಬರುವ ಮೊದಲೇ ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ರಿಕ್ಷಾ ಹಿಡಿದಳು. ಹುಳ ಹಿಡಿದಿದೆ, ಬೇರೆ ಕಟ್ಟು ಹಾಕಿಸುತ್ತೇನೆ ಎಂದು ಪಪ್ಪನಿಗೆ ಹೇಳಿದ್ದಳು, ಅದು ಸುಳ್ಳೂ ಆಗಿರಲಿಲ್ಲ.

ಸ್ಟೇಷನ್ ಹತ್ತಿರದ ಗಲ್ಲಿಯಲ್ಲಿ ಕಮಲಾಕ್ಷನ ಫ್ರೇಮಿನ ಅಂಗಡಿ. ಊರು ಬ್ರಹ್ಮಾವರ, ಈ ಅಂಗಡಿಗೆ ಬಂದು ಮೂವತ್ತು ವರ್ಷ. ಅವನ ಗಿರಾಕಿಗಳು ಮೂರೇ ಬಗೆ: ದೇವರು, ಮದುಮಕ್ಕಳು, ತೀರಿಕೊಂಡವರು. ಮೂವರಿಗೂ ಅಳತೆ ನಿಗದಿಯಾಗಿತ್ತು. ಗೋಡೆಯ ತುಂಬ ಖಾಲಿ ಫ್ರೇಮುಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುತ್ತಿದ್ದವು, ಬಂದ ಚಿತ್ರ ಫ್ರೇಮಿಗಿಂತ ದೊಡ್ಡದಿದ್ದರೆ ಕಮಲಾಕ್ಷ ಚಿತ್ರವನ್ನೇ ಕತ್ತರಿಸುತ್ತಿದ್ದ. ಲಕ್ಷ್ಮಿಯ ಆನೆಯ ಬಾಲ, ಮದುವೆಯ ಗುಂಪಿನಲ್ಲಿ ತುದಿಗೆ ನಿಂತ ದೂರದ ನೆಂಟರು, ಹೀಗೆ ಎಷ್ಟೋ ಅವನ ಕತ್ತರಿಗೆ ಹೋಗಿದ್ದವು. ಯಾರೂ ತಕರಾರು ಮಾಡಿದ್ದಿಲ್ಲ.

ಅವನು ಹಳೆಯ ಕಟ್ಟನ್ನು ಬಿಚ್ಚಿ, ಕಾಗದವನ್ನು ಮೇಜಿನ ಮೇಲೆ ಹರಡಿ, ಕೈ ಒರೆಸಿಕೊಂಡ. "ಭಾರಿ ಹಳತು ಅಲ್ವಾ ಅಕ್ಕ? ಕಾಗದ ಗಟ್ಟಿ ಉಂಟು. ಹುಳ ಬರೀ ಮರಕ್ಕೆ ಬಿದ್ದದ್ದು. ಆದ್ರೆ ಈ ಅಳತೆಯ ಕಟ್ಟು ಈಗ ಬರುವುದಿಲ್ಲ. ಸತ್ಯನಾರಾಯಣ ದೇವರ ಫೋಟೋದ ಸೈಜಿಗೆ ಕೂತ್ಕೊಳ್ತದೆ, ಒಂದು ಬದಿಯಿಂದ ಎರಡೂವರೆ ಇಂಚು ತೆಗೀಬೇಕು."

"ತೆಗೀರಿ."

"ಎಡದಿಂದ ತೆಗೀತೇನೆ. ಎಡಕ್ಕೆ ಬರೀ ಗೋಡೆ, ಜನ ಯಾರೂ ಇಲ್ಲ."

"ಬಲದಿಂದ ತೆಗೀರಿ," ಎಂದಳು ಜಯಲತಾ.

ಕಮಲಾಕ್ಷ ತಲೆ ಬಗ್ಗಿಸಿ ನೋಡಿದ. "ಬಲಕ್ಕೆ ಒಬ್ಬಳು ಹುಡುಗಿ ನಿಂತಿದ್ದಾಳಲ್ಲ ಅಕ್ಕ."

"ನಿಂತಿರ್ಲಿ. ಅಲ್ಲಿಂದಲೇ ತೆಗೀರಿ."

ಅವನಿಗೇನಂತೆ. ಉಕ್ಕಿನ ಪಟ್ಟಿ ಇಟ್ಟು ಬ್ಲೇಡು ಎಳೆದ. ಕಾಗದ ಹಳೆಯದಾದರೂ ಸುಲಭಕ್ಕೆ ಬಿಡಲಿಲ್ಲ, ಎರಡು ಸಲ ಎಳೆಯಬೇಕಾಯಿತು. ಬೇರೆಯಾದ ಪಟ್ಟಿಯನ್ನು ಎತ್ತಿ, "ಇದು ಬೇಕಾ?" ಎಂದು ಕೇಳಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಪಕ್ಕದಲ್ಲಿ ಯಾರೋ ಮುದುಕರ ಫೋಟೋ ಕಟ್ಟು ಹಾಕಿಸಿಕೊಂಡು ಒರಗಿತ್ತು, ಗಾಜು ಸ್ವಲ್ಪ ಸಡಿಲವಿತ್ತು. ಕಮಲಾಕ್ಷ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಆ ಫೋಟೋದ ಹಿಂದೆ ರಟ್ಟಿನ ಸಂದಿಗೆ ತುರುಕಿದ. ಅಲ್ಲಾಡಿಸಿ ನೋಡಿದ. ಗಾಜು ಗಟ್ಟಿಯಾಗಿ ಕೂತಿತ್ತು.

ಕಟ್ಟು ಸಿಗಲು ಮೂರು ದಿನ ಬೇಕಾಯಿತು. ಆ ಮೂರು ಸಂಜೆ ದೇವದಾಸರು ಐದಕ್ಕೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸುಮ್ಮನೆ ಕೂತು, ಆರಕ್ಕೆ ಮಲಗುತ್ತೇನೆ ಎಂದರು. ಸುಮೇಧಾ ಊರಿನ ಸುದ್ದಿ, ಟ್ರೈನಿನ ಸುದ್ದಿ ಹೇಳಿ ನೋಡಿದಳು. ಅವರು ಹೂಂ ಅನ್ನುತ್ತಿದ್ದರು, ಅಷ್ಟೆ. ಜಯಲತಾಳಿಗೆ ಒಳಗೊಳಗೇ ಒಂದು ಬಗೆಯ ಸಮಾಧಾನ. ಮೂರನೆಯ ದಿನ ಅವಳೇ ಪಪ್ಪನ ಪಕ್ಕ ಸ್ಟೂಲು ಹಾಕಿ ಕೂತು, ಮಾತಾಡೋಣ ಎಂದು ಬಾಯಿ ತೆರೆದಳು. "ಚಾ ಬೋಡಾ?" ಎಂದಳು. "ಬೊಡ್ಚಿ," ಎಂದರು.

ನಾಲ್ಕನೆಯ ದಿನ ಚಿತ್ರ ಬಂತು. ಕಂದು ಬಣ್ಣದ, ಚಿನ್ನದ ಗೆರೆಯ ಹೊಸ ಕಟ್ಟು. ಐದಕ್ಕೆ ಮಾರ್ಕೆಟ್ಟಿಗೆ ಹೋಗಿಬರುತ್ತೇನೆ ಎಂದು ಜಯಲತಾ ಚೀಲ ಹಿಡಿದವಳು ಬಾಗಿಲು ಹಾಕಿದ ಸದ್ದು ಮಾಡಿ, ಚಪ್ಪಲಿ ಕೈಯಲ್ಲಿ ಹಿಡಿದು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. ಐವತ್ತಾರು ವರ್ಷದ ಹೆಂಗಸು ತನ್ನದೇ ಮನೆಯಲ್ಲಿ ಕಳ್ಳಿಯ ಹಾಗೆ ನಿಲ್ಲುವುದು ಎಂದರೆ ಏನು ಹೇಳುವುದು. ಸುಮೇಧಾ ಅವಳನ್ನು ಕಂಡಳು. ದೇವದಾಸರು ಕಾಣಲಿಲ್ಲ. ತನ್ನ ಗತಿ ಏನಾಗಿದೆ ಎಂದು ಆ ಹುಡುಗಿಗೆ ಗೊತ್ತಾಗುವ ಗಳಿಗೆಯನ್ನು ಜಯಲತಾ ಕಣ್ಣಾರೆ ನೋಡಬೇಕಿತ್ತು.

ದೇವದಾಸರು ಕಟ್ಟನ್ನು ಸವರಿದರು. "ಇದು ನಮ್ಮದಲ್ಲ."

"ನಮ್ದೇ ರೀ ಅಜ್ಜಾರ. ಹೊಸಾ ಕಟ್ ಹಾಕ್ಸ್ಯಾರ ಅಕ್ಕಾರ."

"ಹೌದಾ. ಸರಿ, ಶುರು ಮಾಡು."

ಎಣಿಕೆ ಶುರುವಾಯಿತು. ಮೂರು ದಿನದ ಹಸಿವು ತೀರಿಸಿಕೊಳ್ಳುವವರಂತೆ ಅವರು ಒಬ್ಬೊಬ್ಬರ ಮೇಲೂ ಹೆಚ್ಚು ಹೊತ್ತು ನಿಂತರು. ಜಟ್ಟೆಪ್ಪ ಒಮ್ಮೆ ತಮ್ಮ ಜೀವ ಉಳಿಸಿದ್ದನ್ನು ಹೇಳಿದರು. ಅಪ್ಪಿಗೆ ಬಂಗುಡೆ ಎಂದರೆ ಪ್ರಾಣ ಎಂದರು. ಮೂವತ್ತಾದ ಮೇಲೆ ಸುಮೇಧಾಳ ಸ್ವರ ತಗ್ಗುತ್ತ ಬಂತು, ಅವಳ ಕಣ್ಣು ಆಗಲೇ ಬಲತುದಿಯನ್ನು ಮುಟ್ಟಿ ಬಂದಿತ್ತು. ಕುಡುಕ ಬಂದ. ಕುಡುಕನ ಹೆಂಡತಿ ಬಂದಳು. ನೋಟ್‌ಬುಕ್ಕಿನಲ್ಲಿ ಎಂಟನೆಯ ಅಡ್ಡಗೆರೆ ಬಿತ್ತು.

"ಮುಂದೆ?" ಎಂದರು ದೇವದಾಸರು.

ಅವರ ಬೆರಳು ತಾನೇ ಮುಂದೆ ಸರಿಯಿತು. ಹೋಗುವ ಕಡೆ ಹೋಗಿ ಮರಕ್ಕೆ ತಾಗಿತು. ಹಿಂದೆ ಬಂದು ಮತ್ತೆ ಹೋಯಿತು, ಮತ್ತೆ ತಾಗಿತು.

"ನಲವತ್ತಕ್ಕೆ ಮುಗೀತು ಅಂದ್ರೆ ಒಂದು ಕಮ್ಮಿ, ಶಾರ್ಟ್ ಅಲ್ವಾ?" ಅವರ ಸ್ವರದಲ್ಲಿ ಹಳೆಯ ಬಂದರಿನ ಬಿಗಿ ಬಂದಿತ್ತು. "ನೋಡು ಮಾರಾಯ್ತಿ ಸರಿಯಾಗಿ. ಜಯ ಎಲ್ಲಿ?"

ಅಡುಗೆಮನೆಯ ಹೊಸ್ತಿಲಲ್ಲಿ ಜಯಲತಾ ತನ್ನ ಹೆಸರು ಕೇಳಿದಳು.

"ಇಲ್ಲೇ ಇದ್ಳಲ್ಲ," ಎಂದು ಅವರು ಕಟ್ಟಿನ ಮರವನ್ನು ತಡಕಿದರು. "ಗಂಟು ಕಟ್ಕೊಂಡು, ಜಡೆ ಹಾಕ್ಕೊಂಡು. ನಾನೇ ನಿಲ್ಲು ಅಂದದ್ದು ಅವಳಿಗೆ. ಒಂದೇ ವರ್ಷ ನಿಲ್ಲು, ತಮ್ಮನ ಓದು ಮುಗೀಲಿ ಅಂದೆ. ನಿಂತವಳು ನಿಂತೇಬಿಟ್ಳು. ಎಲ್ಲಿ ಹೋದ್ಳು? ನಿನ್ನೆ ಮೊನ್ನೆ ತನಕ ಇದ್ಳಲ್ಲ?"

ಸುಮೇಧಾ ತಲೆಯೆತ್ತಿ ಜಯಲತಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಹೀಗೇಕೆ ಮಾಡಿಕೊಂಡಿರಿ ಎನ್ನುವ ಗಾಬರಿ ಮಾತ್ರ ಇತ್ತು. ಕತ್ತರಿಸಿದವಳು ಯಾರು, ಕತ್ತರಿಸಿಕೊಂಡವಳು ಯಾರು ಎರಡೂ ಅವಳಿಗೆ ಗೊತ್ತಿತ್ತು. ಒಂದು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಜಯಲತಾ ಅದಕ್ಕೆ ಕಾದಳು.

"ಹೋಗ್ಯಾಳ್ರಿ ಅಜ್ಜಾರ," ಎಂದಳು ಸುಮೇಧಾ. "ಹಡಗ ಹತ್ತಿ ಹೋಗ್ಯಾಳ."

ದೇವದಾಸರ ಬೆರಳು ನಿಂತಿತು. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯ ಭಾಜಿಯವನು ಕೂಗಿಕೊಂಡು ಹೋದ.

"ಹೋದ್ಳಾ?"

"ಹೌದ್ರಿ."

"ನಿಜವಾಗಿ?"

"ಆಕಿ ಜಾಗಾ ಖಾಲಿ ಐತ್ರಿ ಅಜ್ಜಾರ. ನೀವ ಮುಟ್ಟಿ ನೋಡಿದ್ರಲ್ಲ."

ಅವರ ಮುಖದ ಒಂದೊಂದೇ ಗಂಟು ಸಡಿಲವಾಗುತ್ತ ಬಂತು. ಆ ಮುಖವನ್ನು ಆರು ವರ್ಷ ತೊಳೆದು, ಒರೆಸಿ, ಗಡ್ಡ ತೆಗೆದ ಜಯಲತಾ ಅದರ ಮೇಲೆ ಇಂಥ ನಗು ಕಂಡಿರಲಿಲ್ಲ. "ಹಾಗಾದ್ರೆ ಶಾರ್ಟ್ ಅಂತ ಬರೀಬೇಡ," ಎಂದರು ಅವರು. "ಶಿಪ್ಡ್ ಅಂತ ಬರಿ. ಹಡಗಿಗೆ ಏರಿದ್ದಕ್ಕೆ ಹಾಗೆ ಬರೀಬೇಕು. ಲೆಕ್ಕ ಸರಿಯಾಯ್ತು. ಕೊಡು, ಸಹಿ ಮಾಡ್ತೇನೆ."

ಸುಮೇಧಾ ಬರೆದಳು. ಅವರು ಸಹಿ ಮಾಡಿದರು. ಚಿತ್ರದ ಜಯ ಹೋದಳೆಂದು ಪಪ್ಪನಿಗೆ ಇಷ್ಟು ಸಂತೋಷ. ಹೋದವಳ ಮೇಲೆ ಜಯಲತಾಳಿಗೆ ಹೊಟ್ಟೆಕಿಚ್ಚಾಯಿತು, ಸುಮೇಧಾಳ ಮೇಲೆ ಯಾವ ದಿನವೂ ಆಗದಷ್ಟು. ಇಪ್ಪತ್ತಾರು ವರ್ಷದ ಆ ಜಡೆಯವಳು ಗಂಟು ಹಿಡಿದು ಏಣಿ ಹತ್ತುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ರಾತ್ರಿ ಮೂರು ಸಲ ಏಳಬೇಕಾದವಳು ಇಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಳು.

"ಯಾವ ಹಡಗು?" ಎಂದು ಕೇಳಿದರು ದೇವದಾಸರು. ಬೆರಳು ಮತ್ತೆ ಗಾಜಿನ ಮೇಲೆ ಬಂದಿತ್ತು, ಎಲ್ಲಿ ಊರುವುದೆಂದು ತಿಳಿಯದೆ ಅಲೆಯುತ್ತಿತ್ತು. "ಎಷ್ಟೊಂದು ಉಂಟಲ್ಲ. ಯಾವುದ್ರಲ್ಲಿ ಹೋದ್ಳು, ಹೇಳು."

ಸುಮೇಧಾ ಚಿತ್ರ ನೋಡಿದಳು. ಹಡಗುಗಳು ಒಂದರ ಹಿಂದೆ ಒಂದು ನಿಂತಿದ್ದವು. ಅವಳು ಹೊಸ್ತಿಲಿನ ಕಡೆ ತಿರುಗಿದಳು.

ಜಯಲತಾ ಚಪ್ಪಲಿ ಕೆಳಗಿಟ್ಟು ಬರಿಗಾಲಲ್ಲಿ ಬಂದಳು. ಕುರ್ಚಿಯ ಪಕ್ಕ ಮೊಣಕಾಲೂರಿದಾಗ ಸೊಂಟ ಚುಳುಕ್ ಎಂದಿತು. ಅಪ್ಪನ ಬೆರಳನ್ನು ತನ್ನ ಬೆರಳುಗಳ ನಡುವೆ ತೆಗೆದುಕೊಂಡಳು. ಯಾರ ಕೈ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ. ಅವರು ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವಳು ಹತ್ತಿರದ ದೋಣಿಗಳನ್ನು ದಾಟಿಸಿದಳು, ಮೂರು ಕಂಬದ ದೊಡ್ಡ ಹಡಗನ್ನು ದಾಟಿಸಿದ ಮೇಲೆ ಕಟ್ಟೆಯ ಗದ್ದಲವೆಲ್ಲ ಮುಗಿದು ಗೆರೆಗಳು ತೆಳುವಾಗುವ ಕಡೆ ಹೋದಳು. ಅಲ್ಲಿ ಹಾಯಿ ಬಿಚ್ಚಿಕೊಂಡು ಒಂದು ಹಡಗು ಆಗಲೇ ನೀರಿನಾಚೆ ತಲುಪಿತ್ತು, ಬೆರಳಿನ ಉಗುರಿನಷ್ಟು ಸಣ್ಣದು. ಆ ಬೆರಳನ್ನು ಅದರ ಮೇಲಿಟ್ಟು, ಜಾರದಂತೆ ಮೆಲ್ಲಗೆ ಒತ್ತಿ ಹಿಡಿದಳು.